ಅಕ್ಕನ ಬೆನ್ನಿನ ನಂಬರು

ಮೂರನೇ ಮಹಡಿಯ ಮನೆ,
ಭಾನುವಾರ, ತಾರೀಖು ಹನ್ನೆರಡು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

‘ಪ್ರೀತಿಯ’ ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ. ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ, ಕೊಳಕು ಕಾಗದಕ್ಕೆ ನೀನು ಎರಡು ಅಂಕ ಕಡಿಮೆ ಕೊಡುತ್ತೀಯ. ಇರಲಿ ಬಿಡು. ಆರೋಗ್ಯವಾಗಿದ್ದೀಯಾ? ಬೆನ್ನು ಹೇಗಿದೆ? ಸೌಜನ್ಯಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ‘ಅಗಸೆ ಎಣ್ಣೆ ಕುಡಿಯೋಳಿಗೆ ಬೆನ್ನುನೋವು ಎಲ್ಲಿಂದ ಬರುತ್ತೆ’ ಎಂಬ ಹಳೇ ಹಾಡು ಬೇಡ. ಭಾವನವರ ಸಕ್ಕರೆ ಹತೋಟಿಯಲ್ಲಿದೆಯಾ? ನಿನ್ನ ಮಗಳು ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದಳಾ? ಮೊಮ್ಮಗನಿಗೆ ಹಲ್ಲು ಬಂತಾ? ಇಲ್ಲಿ ನಾವಿಬ್ಬರೂ ಇದ್ದೇವೆ. ಮರಗೆಲಸದ ಅಂಗಡಿಯ ಗರಗಸದ ಸದ್ದಿಗೆ ನಮ್ಮ ಮನೆಯವರ ಎಡಗಿವಿ ಇನ್ನಷ್ಟು ಮಂದವಾಗಿದೆ. ನಾನು ಬೈದದ್ದರಲ್ಲಿ ಅರ್ಧವೇ ಕೇಳುವುದರಿಂದ ಸಂಸಾರ ಮೊದಲಿಗಿಂತ ನೆಮ್ಮದಿಯಾಗಿದೆ.

ಆರು ವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕೊನೆಯ ಸಲ ಎತ್ತಿದಾಗ ಏನಂದೆ ಎಂದು ನಿನಗೆ ಮರೆತಿದ್ದರೂ ನನಗೆ ಮರೆತಿಲ್ಲ. ‘ನಿಂಗೆ ಹೊಟ್ಟೆಕಿಚ್ಚು ಕಣೇ. ನನ್ನ ಮಗಳನ್ನ ಕಂಡ್ರೂ ಹೊಟ್ಟೆಕಿಚ್ಚು, ಪೆನ್ಷನ್ ಕಂಡ್ರೂ ಹೊಟ್ಟೆಕಿಚ್ಚು, ಈಗ ಮೂಳೆ ಕಂಡ್ರೂ ಹೊಟ್ಟೆಕಿಚ್ಚು. ಇನ್ಮೇಲೆ ಏನಿದ್ರೂ ಬರೆದು ಕಳಿಸು.’ ಅಂದು ಫೋನ್ ಕುಕ್ಕಿದೆ. ಸರಿ, ಬರೆದೇ ಕಳಿಸುತ್ತಿದ್ದೇನೆ. ನಾನು ಎಕ್ಸ್‌ರೇ ತರಬೇತಿಗೆ ಹೋಗಿದ್ದಾಗ ಹಾಸ್ಟೆಲಿನಿಂದ ಮನೆ ನೆನಪಾಗುತ್ತದೆ ಎಂದು ಬರೆದ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದ ಮಹಾತಾಯಿ ನೀನು. ‘ಅಲ್ಪವಿರಾಮ ಕೂಡ ಇಲ್ದೆ ಅಳ್ತೀಯಲ್ಲೇ’ ಎಂದು ಅಂಚಿನಲ್ಲಿ ಬರೆದಿದ್ದೆ. ಇದನ್ನೂ ತಿದ್ದು. ಆದರೆ ತಿದ್ದುವ ಮೊದಲು ಕೊನೆಯವರೆಗೆ ಓದು, ಅರ್ಧಕ್ಕೆ ಮಡಚಿ ಭಾವನ ಕೈಗೆ ಕೊಡಬೇಡ.

ವಿಷಯ ಇಷ್ಟೇ. ವಾರಕ್ಕೊಂದರಂತೆ ನುಂಗಬೇಕಿದ್ದ ಮೂಳೆಯ ಮಾತ್ರೆಯನ್ನು ನೀನು ಬಿಟ್ಟು ಏಳು ತಿಂಗಳಾಯಿತು. ಡಾಕ್ಟರನ್ನು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ. ಅಗಸೆ ಎಣ್ಣೆಯ ಶೀಸೆಯನ್ನು ಕೇಳಿದೆ, ಅದು ಹೂಂ ಅಂದಿತು. ನೀನು ಆ ಮಾತ್ರೆಯನ್ನು ಮತ್ತೆ ಶುರು ಮಾಡಬೇಕು. ಇಲ್ಲದಿದ್ದರೆ ಒಂದು ದಿನ ಮಗುವನ್ನು ಎತ್ತಿಕೊಳ್ಳಲು ಬಗ್ಗಿದವಳು ಏಳುವುದಿಲ್ಲ. ಹೆದರಿಸುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ, ಹೆದರಿಸಲಿಕ್ಕೇ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನೀನು ಇಷ್ಟರಲ್ಲಿ ಕಥೆಯನ್ನು ನಿನಗೆ ಬೇಕಾದ ಹಾಗೆ ತಿರುಗಿಸಿಕೊಂಡಿರುತ್ತೀಯ. ನಿನಗೆ ಮುಟ್ಟು ನಿಂತದ್ದು ನಲವತ್ತೊಂಬತ್ತಕ್ಕೆ. ಅಲ್ಲಿಂದಾಚೆ ನಮ್ಮಂಥ ಹೆಂಗಸರ ಮೂಳೆಗೆ ಕಾವಲುಗಾರ ಇರುವುದಿಲ್ಲ, ದಿನಾ ಒಂಚೂರು ಸೋರುತ್ತಾ ಹೋಗುತ್ತದೆ. ನೋವಿಲ್ಲ, ಬಾವಿಲ್ಲ, ಗೊತ್ತೇ ಆಗುವುದಿಲ್ಲ. ನಿವೃತ್ತಿಯಾದ ಮರುವರ್ಷ ನೀನು ಬ್ಯಾಂಕಿನ ಮೆಟ್ಟಿಲಲ್ಲಿ ಎಡವಿ ಕೈ ಊರಿದೆ. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಡಾಕ್ಟರು ಮೂಳೆಯ ಸಾಂದ್ರತೆ ನೋಡಿಸಿ ಅಂದರು, ನಾನೇ ನಮ್ಮ ಆಸ್ಪತ್ರೆಯ ಮೆಷಿನಿನ ಮೇಲೆ ಮಲಗಿಸಿದೆ. ಬೆನ್ನಿನ ನಂಬರು ಮೈನಸ್ ಎರಡು ಪಾಯಿಂಟ್ ಒಂಬತ್ತು. ಸೊನ್ನೆಯಿಂದ ಕೆಳಗಿಳಿದಷ್ಟೂ ಮೂಳೆ ಟೊಳ್ಳು, ಎರಡೂವರೆ ದಾಟಿದರೆ ಮಾತ್ರೆ ಬರೆಯುತ್ತಾರೆ, ನಿನಗೂ ಬರೆದರು. ಬರಿಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು, ಒರಗಬಾರದು. ಮೂವತ್ತನಾಲ್ಕು ವರ್ಷ ಕಂಡವರ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳಿಗೆ ವಾರಕ್ಕೆ ಅರ್ಧ ಗಂಟೆ ನೆಟ್ಟಗೆ ಕೂರುವುದು ದೊಡ್ಡ ಶಿಕ್ಷೆಯಾಯಿತು.

ಆಗಲೇ ನಿನ್ನ ಜೀವನದಲ್ಲಿ ಅಗಸೆ ಪ್ರವೇಶ ಮಾಡಿದ್ದು. ವಾಕಿಂಗಿಗೆ ಹೋಗುವ ಪಾರ್ಕಿನಲ್ಲಿ ಯಾರೋ ಹೇಳಿದರು, ಮೊಬೈಲಿನಲ್ಲಿ ಇನ್ಯಾರೋ ತೋರಿಸಿದರು, ನೀನು ಒಂದು ತಿಂಗಳಲ್ಲಿ ಅವರಿಗೆಲ್ಲ ಟೀಚರಾದೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಒಮೆಗಾ ಮೂರು, ಒಮೆಗಾ ಆರು ಎಂದು ಬರೆದು ಪಾಠ ಮಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ‘ಆರು ಜಾಸ್ತಿ ಆದ್ರೆ ಮೈಯೊಳಗೆ ಉರಿ, ಉರಿ ಮೂಳೆ ತಿನ್ನುತ್ತೆ. ಮೂರು ಜಾಸ್ತಿ ಮಾಡಿ, ಮೂಳೆ ತಾನಾಗೇ ಕಟ್ಟುತ್ತೆ. ಎಣ್ಣೆ ಕಾಣದ ಯಂತ್ರ ತುಕ್ಕು ಹಿಡಿಯಲ್ವಾ?’ ಎಂದೆ. ಎಲ್ಲರೂ ತಲೆ ಆಡಿಸಿದರು. ನಾನೊಬ್ಬಳು ಬೆಂಚಿನ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ. ಮೂಳೆಯ ವಾರ್ಡಿನಲ್ಲಿ ಒಂಬತ್ತು ವರ್ಷ ದಿನಕ್ಕೆ ಹತ್ತು ಹನ್ನೆರಡು ಹೆಂಗಸರನ್ನು ಮಲಗಿಸಿ ಎಬ್ಬಿಸಿದವಳು ನಾನು. ಒಬ್ಬರಾದರೂ ‘ನಿಮ್ಮ ತಂಗಿ ಏನಂತಾರೆ’ ಎಂದು ಕೇಳಲಿಲ್ಲ.

ನಾನು ಏನನ್ನುತ್ತೇನೆ ಎಂದರೆ, ಆ ಒಮೆಗಾ ಕೊಬ್ಬಿನಾಮ್ಲಗಳು ಕೆಟ್ಟವು ಎಂದು ಯಾರೂ ಹೇಳಿಲ್ಲ. ಹೃದಯಕ್ಕೆ ಒಳ್ಳೆಯದು, ತಿನ್ನು. ಮೂಳೆಯ ವಿಷಯಕ್ಕೆ ಬಂದರೆ ನಮ್ಮ ಡಾಕ್ಟರು ಎರಡು ಸಲ ತರಗತಿ ಮಾಡಿ ಹೇಳಿದ್ದು ಇಷ್ಟು: ಕೆಲವು ಅಧ್ಯಯನಗಳಲ್ಲಿ ಒಂಚೂರು ಉಪಕಾರ ಕಂಡಿದೆ, ಕೆಲವುಗಳಲ್ಲಿ ಏನೂ ಕಂಡಿಲ್ಲ, ಮಾತ್ರೆಯ ಬದಲಿಗೆ ಎಣ್ಣೆ ಸಾಕು ಎಂದು ಯಾವುದರಲ್ಲೂ ಇಲ್ಲ. ಅದೂ ಅಲ್ಲದೆ ಮೀನಿನಲ್ಲಿರುವ ಒಮೆಗಾ ಮೂರು ಬೇರೆ, ಅಗಸೆಯಲ್ಲಿರುವುದು ಬೇರೆ. ಅಗಸೆಯದನ್ನು ಮೈ ಮೀನಿನ ಥರದ್ದಕ್ಕೆ ಬದಲಾಯಿಸಿಕೊಳ್ಳುವುದು ತೀರಾ ಕಡಿಮೆ. ಇದನ್ನು ಹೇಳಿದರೆ ನೀನು ಏನಂದೆ? ‘ನೀನು ಬರೀ ಫೋಟೋ ತೆಗೆಯೋಳು, ಡಾಕ್ಟರ್ ಥರ ಮಾತಾಡ್ಬೇಡ.’ ಆ ಮಾತು ನನಗೆ ಚುಚ್ಚಿದೆ ಅಕ್ಕಾ. ಇನ್ನೂ ಕೀವು ಕಟ್ಟಿಕೊಂಡು ಒಳಗೇ ಇದೆ.

ನೀನು ಪ್ರೀತಿಯಿಂದ ಕಳಿಸಿದ ಶೀಸೆಯ ಗತಿ ಹೇಳುತ್ತೇನೆ, ಕೇಳು. ನಮ್ಮ ಮನೆಯವರು ಅದರ ಬಿರಡೆ ತೆಗೆದು ಮೂಸಿ ನೋಡಿದರು. ‘ಅಯ್ಯೋ ಇದು ನಮ್ಮ ಪಾಲಿಶ್ ಎಣ್ಣೆಯ ಅಕ್ಕನ ಮಗಳು ಕಣೇ’ ಎಂದರು. ಮರಕ್ಕೆ ಬಳಿಯುವ ಅಗಸೆ ಎಣ್ಣೆ ಬೇರೆ ಥರ ಕಾಯಿಸಿದ್ದು, ಕುಡಿಯುವುದಲ್ಲ, ಅದು ಅವರಿಗೂ ಗೊತ್ತು. ಆದರೂ ಕಿರುಗುಟ್ಟುತ್ತಿದ್ದ ಬಚ್ಚಲ ಬಾಗಿಲಿನ ತಿರುಗಣೆಗೆ ನಿನ್ನ ಎಣ್ಣೆ ಬಿಟ್ಟೆ ನಾನು, ಹಗೆ ತೀರಿಸಿಕೊಳ್ಳಲು. ವಾರದಲ್ಲಿ ಅಂಟು ಕಟ್ಟಿ ಬಾಗಿಲು ಬಿಗಿದುಕೊಂಡಿತು, ನಾನೇ ಒಳಗೆ ಸಿಕ್ಕಿಕೊಂಡೆ. ಅವರು ಉಳಿ ತಂದು ತೆಗೆಯುತ್ತಾ ಹೇಳಿದರು: ‘ಮೇಜಿಗೆ ಎಣ್ಣೆ ಬಳಿದ್ರೆ ಮೇಜು ಹೊಳೆಯುತ್ತೆ ಅಷ್ಟೆ. ಹುಳ ತಿಂದ ಕಾಲು ಗಟ್ಟಿ ಆಗಲ್ಲ.’ ಕಿವಿ ಮಂದವಾದರೂ ಬುದ್ಧಿ ಮಂದವಲ್ಲ ಅವರದ್ದು.

ಹದಿನಾಲ್ಕು ತಿಂಗಳು ಎಣ್ಣೆ ಕುಡಿದು ಎರಡನೇ ಸಲ ಮೆಷಿನಿಗೆ ಬಂದೆ. ಮೈನಸ್ ಎರಡು ಪಾಯಿಂಟ್ ಒಂದು! ನಿನ್ನ ಕುಣಿತ ನೋಡಬೇಕಿತ್ತು. ವರದಿಯ ಮೊದಲ ಪುಟದ ಫೋಟೋ ತೆಗೆದು, ನಂಬರಿನ ಸುತ್ತ ಕೆಂಪು ವೃತ್ತ ಎಳೆದು ನಂಟರಿಷ್ಟರಿಗೆಲ್ಲ ಕಳಿಸಿದೆ. ‘ಮನುಷ್ಯರು ಸುಳ್ಳು ಹೇಳ್ತಾರೆ, ನಂಬರ್ ಹೇಳಲ್ಲ’ ಎಂದು ಕೆಳಗೆ ಬರೆದೆ. ಅಷ್ಟೂ ತಿಂಗಳು ವಾರವಾರ ಮಾತ್ರೆಯನ್ನೂ ನುಂಗಿದ್ದೆಯಲ್ಲ, ಅದಕ್ಕೆ ಒಂದು ನಮಸ್ಕಾರವೂ ಇಲ್ಲ. ದುಡಿದದ್ದು ಎತ್ತು, ಹಾರ ಬಂಡಿಗೆ. ಮಾರನೇ ವಾರವೇ ಮಾತ್ರೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆದೆ. ಪಾರ್ಕಿನವರು ನಿನ್ನ ಹೆಸರು ಹೇಳಿಕೊಂಡು ಒಬ್ಬೊಬ್ಬರಾಗಿ ನಮ್ಮ ಮೆಷಿನಿಗೆ ಬಂದರು. ಆಮೇಲೆ ಮಗಳ ಬಾಣಂತನಕ್ಕೆಂದು ಹೋದವಳು ಅಲ್ಲೇ ಉಳಿದೆ. ಈಗ ಎಂಟು ಕಿಲೋ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತೀಯಂತೆ.

ಅಮ್ಮನನ್ನು ನೆನೆಸಿಕೋ. ಮಂಚದಿಂದ ಇಳಿಯಲು ಕಾಲು ಕೆಳಗಿಟ್ಟಳು, ಸೊಂಟದ ಕೀಲು ಮುರಿಯಿತು. ಬಿದ್ದು ಮುರಿದದ್ದಲ್ಲ, ಮುರಿದು ಬಿದ್ದದ್ದು ಎಂದು ಡಾಕ್ಟರು ಹೇಳಿದ್ದು ನನಗೆ ಮಾತ್ರ ಕೇಳಿಸಿತು, ಯಾಕೆಂದರೆ ನೀನು ಅಲ್ಲಿರಲಿಲ್ಲ, ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಹನ್ನೊಂದು ತಿಂಗಳು ಹಾಸಿಗೆಯಲ್ಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು ನಾನು, ಬೆನ್ನಿನ ಹುಣ್ಣು ತೊಳೆದದ್ದು ನಾನು. ನೀನು ಭಾನುವಾರ ಹಣ್ಣು ತಂದು, ದಿಂಬು ಎತ್ತರ ಸಾಲದು ಎಂದು ಹೇಳಿ, ಸಂಜೆ ಬಸ್ಸಿಗೆ ಹೋಗುತ್ತಿದ್ದೆ. ನಾನು ಮತ್ತೊಮ್ಮೆ ಆ ಕೆಲಸ ಮಾಡಲಾರೆ. ಮಾಡಲಾರೆ ಎಂದರೆ ಕೈಲಾಗುವುದಿಲ್ಲ ಎಂದಲ್ಲ, ನಿನ್ನನ್ನು ಹಾಗೆ ನೋಡಲಾರೆ ಎಂದು. ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದಕ್ಕೂ ನಿನ್ನ ಮೇಲೇ ಸಿಟ್ಟು ನನಗೆ.

ಇರಲಿ. ನಿನ್ನ ವರದಿಯಲ್ಲಿ ಎರಡನೇ ಪುಟವೂ ಇದೆ, ಸೊಂಟದ ನಂಬರು ಅಲ್ಲಿರುತ್ತದೆ. ನೀನು ಅದರ ಫೋಟೋ ಹಾಕಲಿಲ್ಲ, ತಿರುವಿಯೂ ನೋಡಿರಲಿಕ್ಕಿಲ್ಲ. ನಾಳೆ ಆಸ್ಪತ್ರೆಗೆ ಹೋದ ತಕ್ಷಣ ಕಂಪ್ಯೂಟರಿನಲ್ಲಿ ಉಳಿದಿರುವ ನಿನ್ನ ಹಳೇ ಚಿತ್ರವನ್ನೇ ತೆರೆದು ನೋಡುತ್ತೇನೆ. ಸೊಂಟ ಒಂದು ಚೂರೂ ಸುಧಾರಿಸಿಲ್ಲ ಎಂದು ಇದೇ ಪತ್ರದಲ್ಲಿ ಬರೆದು, ನಿನ್ನ ನಂಬರಿನಿಂದಲೇ ನಿನ್ನ ಬಾಯಿ ಮುಚ್ಚಿಸುತ್ತೇನೆ. ನಂಬರ್ ಸುಳ್ಳು ಹೇಳಲ್ಲ ಅಂದೆಯಲ್ಲ. ಪತ್ರ ಮುಗಿದಿಲ್ಲ, ಪೆನ್ನು ಕೆಳಗಿಟ್ಟಿದ್ದೇನೆ ಅಷ್ಟೆ.

ಮಂಗಳವಾರ, ಸಂಜೆ

ಅಕ್ಕಾ, ಸೋಮವಾರ ಬರೆಯಲಿಲ್ಲ. ಬರೆಯಲು ಕೂತೆ, ಆಗಲಿಲ್ಲ. ಮೇಲೆ ಬರೆದದ್ದನ್ನು ಹರಿದು ಹಾಕಿ ಹೊಸದಾಗಿ ಶುರು ಮಾಡೋಣ ಅಂದುಕೊಂಡೆ. ಬೇಡ, ಅಷ್ಟೂ ಬೈಗುಳ ನಿಜವಾಗಿ ನಿನಗೇ ಬೈದದ್ದು, ನಿನ್ನ ಹತ್ತಿರವೇ ಇರಲಿ. ಆದರೆ ಇನ್ನು ಮುಂದಿನದನ್ನು ಕೂತು ಓದು. ಮಗು ತೊಡೆಯ ಮೇಲಿದ್ದರೆ ಮಗಳ ಕೈಗೆ ಕೊಡು.

ಸೋಮವಾರ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ನಿನ್ನ ಆ ಹಳೇ ಚಿತ್ರ ತೆರೆದೆ. ಸೊಂಟದ ನಂಬರು ನಾನು ಹೇಳಿದ ಹಾಗೇ ಇತ್ತು, ಮೊದಲಿಗಿಂತ ಸೊನ್ನೆ ಪಾಯಿಂಟ್ ಒಂದು ಕೆಳಗೆ. ಖುಷಿಯಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಅಕ್ಕನ ಸೊಂಟದ ಮೂಳೆ ಕರಗಿದ್ದು ನೋಡಿ, ಸಿಕ್ಕಿಬಿದ್ದಳು ಎಂದು ಒಂದು ಕ್ಷಣ ಖುಷಿಪಟ್ಟೆ. ಆಮೇಲೆ ಬೆನ್ನಿನ ಚಿತ್ರ ಯಾಕೆ ಅಷ್ಟು ಏರಿದೆ ಎಂದು ದೊಡ್ಡದು ಮಾಡಿ ನೋಡಿದೆ. ಬೆನ್ನೆಲುಬಿನ ನಾಲ್ಕು ಮಣಿಗಳನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಒಂದು ಎರಡು ಮಾಮೂಲಾಗಿ ಬೂದುಬಣ್ಣಕ್ಕಿವೆ. ಮೂರನೆಯದರ ಮೇಲೆ ಒಂದು ದುಂಡನೆಯ ಬಿಳುಪು. ನಾಲ್ಕನೆಯದರ ಅಂಚಿನಲ್ಲಿ ಇನ್ನೊಂದು, ಅರ್ಧ ಮೂಳೆಯ ಮೇಲೆ, ಅರ್ಧ ಮೂಳೆಯೇ ಇಲ್ಲದ ಜಾಗದಲ್ಲಿ. ಮೂಳೆ ಇಲ್ಲದ ಜಾಗದಲ್ಲಿ ಮೂಳೆ ಬೆಳೆಯುವುದಿಲ್ಲ ಅಕ್ಕಾ. ಎರಡೂ ಒಂದೇ ಅಳತೆ, ಅಂಚು ಅಚ್ಚುಕಟ್ಟು. ಅವು ನೀನು ದಿನಾ ಬೆಳಿಗ್ಗೆ ತಿಂಡಿಯ ಜೊತೆ ನುಂಗುವ ಕ್ಯಾಲ್ಸಿಯಂ ಮಾತ್ರೆಗಳು. ಕರಗದೆ ಹೊಟ್ಟೆಯೊಳಗೇ ಕೂತಿದ್ದವು. ಮೆಷಿನಿಗೆ ಮಾತ್ರೆ ಯಾವುದು ಮೂಳೆ ಯಾವುದು ಎಂದು ಗೊತ್ತಾಗುವುದಿಲ್ಲ, ಸುಣ್ಣ ಕಂಡರೆ ಕೂಡಿಸುತ್ತದೆ. ಆ ಎರಡು ಮಣಿ ಬಿಟ್ಟು ಲೆಕ್ಕ ಹಾಕಿದೆ. ಮೈನಸ್ ಎರಡು ಪಾಯಿಂಟ್ ಎಂಟು.

ನಿನ್ನ ಬೆನ್ನು ಹೆಚ್ಚುಕಡಿಮೆ ಎಲ್ಲಿತ್ತೋ ಅಲ್ಲೇ ಇತ್ತು. ನೀನು ವಾರದ ಮಾತ್ರೆ ಬಿಟ್ಟದ್ದು ನಾನು ಕೊಟ್ಟ ತಪ್ಪು ನಂಬರು ನೋಡಿ.

ಮೆಷಿನಿನ ಪಕ್ಕ ಗೋಡೆಗೆ ಒಂದು ಕಾರ್ಡು ನೇತು ಹಾಕಿದ್ದೇವೆ, ಅದರಲ್ಲಿ ಏಳು ಪ್ರಶ್ನೆ. ಇವತ್ತು ಕ್ಯಾಲ್ಸಿಯಂ ಮಾತ್ರೆ ತಗೊಂಡಿದ್ದೀರಾ ಎನ್ನುವುದು ಮೊದಲನೆಯದು. ಯಾರೇ ಬರಲಿ, ಏಳನ್ನೂ ಕೇಳಿ, ಆಸ್ಪತ್ರೆಯ ಗೌನು ತೊಡಿಸಿ, ಆಮೇಲೆ ಮಲಗಿಸಬೇಕು. ಆ ಕಾರ್ಡು ಬರೆದು ಹಾಕಿದ್ದೇ ನಾನು, ಹೊಸಬರಿಗೆ ಬಾಯಿಪಾಠ ಮಾಡಿಸಿದ್ದೂ ನಾನು. ಆ ಎರಡನೇ ಸಲ ನಿನ್ನನ್ನು ಕೇಳಲಿಲ್ಲ. ನೀನು ಹೊತ್ತು ಗೊತ್ತು ತಿಳಿಸದೆ ಹನ್ನೊಂದು ಗಂಟೆಗೆ ಬಂದೆ, ಸಾಲಿನಲ್ಲಿ ಕೂತವರನ್ನೆಲ್ಲ ದಾಟಿ ಒಳಗೆ ನುಗ್ಗಿದೆ, ‘ತಂಗಿ ಇಲ್ಲಿರೋದು ಮತ್ಯಾಕೆ’ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದೆ. ಕಾರ್ಡು ಹಿಡಿದರೆ ‘ಏನೇ, ನನಗೇ ಪರೀಕ್ಷೆ ಇಡ್ತೀಯಾ’ ಅನ್ನುತ್ತೀಯ ಎಂದು ಗೊತ್ತಿತ್ತು. ಹಾಕಿಕೊಂಡ ಬಟ್ಟೆಯಲ್ಲೇ ಮಲಗಿಸಿ ಮೊಣಕಾಲಿನ ಕೆಳಗೆ ಚೌಕದ ದಿಂಬು ಇಟ್ಟೆ. ಮೆಷಿನಿನ ತೋಳು ನಿನ್ನ ಮೇಲೆ ಹರಿದಾಡುವಾಗಲೂ ನೀನು ಬಾಯಿ ಮುಚ್ಚಲಿಲ್ಲ, ಅಮ್ಮನ ಹೊಲಿಗೆ ಯಂತ್ರ ನಿನ್ನ ಹತ್ತಿರ ಸುಮ್ಮನೆ ಧೂಳು ಹಿಡಿಯುತ್ತಿದೆ, ನನಗೆ ಕೊಡು ಎಂದು ಶುರು ಮಾಡಿದೆ. ನಾನೂ ಜಗಳಕ್ಕೆ ಬಿದ್ದೆ. ಪರದೆಯ ಮೇಲೆ ನಂಬರು ಬಂತು. ಹದಿನಾಲ್ಕು ತಿಂಗಳಲ್ಲಿ ಯಾರಿಗೂ ಅಷ್ಟು ಏರುವುದಿಲ್ಲ. ಬೇರೆ ಯಾರದ್ದಾದರೂ ಆಗಿದ್ದರೆ ಚಿತ್ರವನ್ನು ಮೂರು ಸಲ ನೋಡಿ, ಡಾಕ್ಟರಿಗೆ ತೋರಿಸಿ, ಇನ್ನೊಮ್ಮೆ ಕರೆಸುತ್ತಿದ್ದೆ. ನಿನ್ನದು ನೋಡಿ ನನಗೆ ಬಂದದ್ದು ಅನುಮಾನವಲ್ಲ, ಉರಿ. ಇದರಲ್ಲೂ ಇವಳೇ ಸರಿಯಾದಳಲ್ಲ, ಇನ್ನು ಜನ್ಮಪೂರ್ತಿ ಕೇಳಬೇಕಲ್ಲ ಎಂಬ ಉರಿ. ವರದಿಯನ್ನು ಡಾಕ್ಟರ ಮೇಜಿಗೆ ಕಳಿಸದೆ ನೇರವಾಗಿ ನಿನ್ನ ಕೈಗೆ ತುರುಕಿ, ಹೋಗು ಅಂದೆ. ನಿನ್ನನ್ನು ಆ ಕೋಣೆಯಿಂದ ಆಚೆ ಹಾಕಿದರೆ ಸಾಕಾಗಿತ್ತು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ನಗು, ನಗುವುದಿದ್ದರೆ ಈಗಲೇ ನಕ್ಕುಬಿಡು. ‘ಬರೀ ಫೋಟೋ ತೆಗೆಯೋಳು’ ಅಂದೆಯಲ್ಲ, ಅದನ್ನೂ ನೆಟ್ಟಗೆ ತೆಗೆಯಲಿಲ್ಲ ನಾನು. ಆದರೆ ನೀನು ಗೆದ್ದೆ ಎಂದು ಮಾತ್ರ ಅಂದುಕೊಳ್ಳಬೇಡ. ನಿನ್ನ ಎಣ್ಣೆ ಗೆಲ್ಲಲಿಲ್ಲ, ನನ್ನ ಮೆಷಿನೂ ಗೆಲ್ಲಲಿಲ್ಲ, ಇಬ್ಬರ ಜಂಬದ ನಡುವೆ ಏಳು ತಿಂಗಳು ಹಾಳಾಯಿತು. ನನಗೆ ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಯಾರನ್ನೂ ಕೇಳದೆ ಔಷಧಿ ಬಿಟ್ಟವಳು ನೀನೇ, ಅದು ನನ್ನ ತಪ್ಪಲ್ಲ. ನನ್ನ ತಪ್ಪಿನಷ್ಟು ನನ್ನದು, ನಿನ್ನದಷ್ಟು ನಿನ್ನದು. ಕ್ಷಮಿಸು ಎಂದು ಬರೆಯಲು ನಾಲ್ಕು ಸಲ ಪೆನ್ನು ಎತ್ತಿದೆ. ಬರೆದಿದ್ದೇನೆ ನೋಡು, ಕ್ಷಮಿಸು. ಇನ್ನೊಂದು ಸಲ ಕೇಳಬೇಡ.

ಸೋಮವಾರ ಮಧ್ಯಾಹ್ನವೇ ಚಿತ್ರ ಹಿಡಿದುಕೊಂಡು ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ‘ನಿವೃತ್ತಿಗೆ ಎರಡೇ ವರ್ಷ ಇದೆ ನಿಮಗೆ, ಸ್ವಂತ ಅಕ್ಕ ಬೇರೆ. ಮನೆಯೊಳಗೇ ಸರಿ ಮಾಡ್ಕೊಳ್ಳಿ, ಕಾಗದ ಯಾಕೆ’ ಎಂದರು. ಒಳ್ಳೆಯವರು, ನನ್ನ ಒಳ್ಳೆಯದಕ್ಕೇ ಹೇಳಿದರು. ಮೂವತ್ತೊಂದು ವರ್ಷದ ಕೆಲಸ, ಒಂದು ಕಪ್ಪು ಗುರುತಿಲ್ಲ. ಒಂದು ಗಳಿಗೆ ಆಸೆಯಾದದ್ದೂ ಹೌದು. ಆಗ ನಿನ್ನ ಪಾರ್ಕಿನವರು ನೆನಪಾದರು. ನಿನ್ನ ಹೆಸರು ಹೇಳಿಕೊಂಡು ಬಂದವರು ನಾಲ್ಕು ಜನ. ಟೀಚರ್ ಗೆಳತಿಯರು, ನಮ್ಮವರೇ ಎಂಬ ಸಲಿಗೆಯಲ್ಲಿ ಅವರನ್ನೂ ನಾನು ಕಾರ್ಡು ಹಿಡಿಯದೆ ಮಲಗಿಸಿದ್ದೇನೆ. ನೀನು ಹೇಳಿಕೊಟ್ಟ ಹಾಗೆ ಅವರೂ ಬೆಳಿಗ್ಗೆ ಎಣ್ಣೆ, ಕ್ಯಾಲ್ಸಿಯಂ ಎರಡನ್ನೂ ನುಂಗುವವರು. ಇಬ್ಬರ ಚಿತ್ರ ಚೊಕ್ಕವಾಗಿದೆ. ಇನ್ನಿಬ್ಬರದ್ದು ನೋಡಿದರೆ ನನಗೆ ಅನುಮಾನ. ಹಾಗಾಗಿ ತಪ್ಪಾಗಿದೆ ಎಂದು ಬರೆದು ಕೊಟ್ಟೆ. ವಿಚಾರಣೆ ಮುಗಿಯುವ ತನಕ ನಾನು ಮೆಷಿನ್ ಮುಟ್ಟುವಂತಿಲ್ಲ. ನೆಲಮಹಡಿಯಲ್ಲಿ ಹಳೇ ಫಿಲ್ಮುಗಳ ಕೋಣೆಯಲ್ಲಿ ಕೂತು ಲಕೋಟೆಗಳಿಗೆ ನಂಬರು ಹಾಕುತ್ತಿದ್ದೇನೆ. ಒಂದೇ ದಿನದಲ್ಲಿ ನನಗೆ ‘ನಂಬರಮ್ಮ’ ಎಂದು ಹೆಸರೂ ಬಿದ್ದಿದೆ.

ಈಗ ನಿನ್ನ ಕೆಲಸ. ಈ ಪತ್ರ ಮಡಚಿದ ತಕ್ಷಣ ಅಲ್ಲಿನ ಡಾಕ್ಟರನ್ನು ನೋಡಿ ಎಲ್ಲ ಹೇಳು, ಎರಡನೇ ವರದಿ ಲೆಕ್ಕಕ್ಕಿಲ್ಲ ಎಂದು ಹೇಳು. ವಾರದ ಮಾತ್ರೆಯನ್ನು ಅವರು ಹೇಳಿದ ಹಾಗೆ ಶುರು ಮಾಡು, ನಿನ್ನಷ್ಟಕ್ಕೆ ನೀನೇ ಮಾಡಬೇಡ. ಮಗುವನ್ನು ನೆಲದಿಂದ ಎತ್ತಬೇಡ, ನೀನು ಕೂತಿರುವಾಗ ಯಾರಾದರೂ ತೊಡೆಯ ಮೇಲೆ ತಂದು ಕೂರಿಸಲಿ. ನೀರಿನ ಬಕೆಟ್ ಭಾವ ಎತ್ತಲಿ, ಸಕ್ಕರೆಗೂ ಒಳ್ಳೆಯದು. ಅಗಸೆಯನ್ನು ಬಿಡು ಅನ್ನುವುದಿಲ್ಲ. ಹುರಿದು ಪುಡಿ ಮಾಡಿ ತಿನ್ನು, ಮೀನು ತಿನ್ನು, ಏನು ಬೇಕಾದರೂ ತಿನ್ನು, ಔಷಧಿಯ ಜಾಗದಲ್ಲಿ ಅದನ್ನು ಕೂರಿಸಬೇಡ ಅಷ್ಟೇ. ಅಮ್ಮನ ಹೊಲಿಗೆ ಯಂತ್ರ ಮಾತ್ರ ಕೊಡುವುದಿಲ್ಲ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಗಳಿಗೆ ಚಿಕ್ಕಮ್ಮನ ಆಶೀರ್ವಾದ, ಮಗುವಿಗೆ ಮುತ್ತು. ನಿನಗೆ ಏನು ಹೇಳಬೇಕೋ ಅದನ್ನೆಲ್ಲ ಮೇಲೆ ಹೇಳಿಯಾಗಿದೆ, ಚೆನ್ನಾಗಿರು ಎಂಬುದೊಂದು ಬಾಕಿ. ಚೆನ್ನಾಗಿರು.

ನಿನ್ನ ತಂಗಿ,
ಗೊಣಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ನಿನ್ನ ಮಗಳಿಗೆ ಫೋನ್ ಮಾಡಿದೆ. ಮೇಲಿನ ಕಪಾಟಿನ ಡಬ್ಬ ಈಗೀಗ ಅಮ್ಮನ ಕೈಗೆ ಎಟುಕುತ್ತಿಲ್ಲ, ಸ್ಟೂಲು ತರಿಸಿಕೊಂಡು ಹತ್ತುತ್ತಾಳೆ ಎಂದು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಕಪಾಟು ಬೆಳೆಯುವುದಿಲ್ಲ ಅಕ್ಕಾ, ನೀನು ಕುಗ್ಗಿದ್ದೀಯ. ಬೆನ್ನಿನ ಒಂದು ಮಣಿ ಈಗಾಗಲೇ ಸದ್ದಿಲ್ಲದೆ ಕುಸಿದಿರಬಹುದು. ಸ್ಟೂಲು ಹತ್ತಬೇಡ, ನಾಳೆಯೇ ಡಾಕ್ಟರ ಹತ್ತಿರ ಹೋಗು. ಇನ್ನೊಂದು ಮಾತು, ಇದೇ ಮುಖ್ಯ. ಆಸ್ಪತ್ರೆಯಿಂದ ನಿನಗೊಂದು ಫಾರಂ ಬರುತ್ತದೆ. ಪರೀಕ್ಷೆಗೆ ಮುಂಚೆ ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ನಿಮ್ಮನ್ನು ಕೇಳಿದ್ದರೇ ಎಂದು ಅದರಲ್ಲಿರುತ್ತದೆ. ನನ್ನ ಮಾತೊಂದೇ ಸಾಲದಂತೆ, ನಿನ್ನ ಬರಹ ಬೇಕಂತೆ. ‘ಕೇಳಿದ್ದಳು, ನಾನೇ ಮುಚ್ಚಿಟ್ಟೆ’ ಎಂದು ನೀನು ಬರೆದರೆ ತಪ್ಪು ರೋಗಿಯದು ಎಂದು ಕಡತ ಮುಚ್ಚುತ್ತಾರೆ, ನಾನು ಮತ್ತೆ ಮೆಷಿನಿಗೆ ಹೋಗುತ್ತೇನೆ, ಅನುಮಾನವಿರುವ ಆ ಇಬ್ಬರು ಗೆಳತಿಯರನ್ನು ಮರುಪರೀಕ್ಷೆಗೆ ಯಾರೂ ವಾಪಸ್ ಕರೆಯುವುದಿಲ್ಲ. ನೀನು ಹಾಗೇ ಬರೆಯುತ್ತೀಯ ಎಂದು ನನಗೆ ಗೊತ್ತು. ಅಪ್ಪನ ಕನ್ನಡಕ ಒಡೆದದ್ದು ನಾನು, ಮುಂದೆ ಬಂದು ನಾನೇ ಒಡೆದೆ ಅಂದವಳು ನೀನು, ಬೆತ್ತ ಮುರಿಯುವ ತನಕ ಬಾಯಿ ಬಿಡಲಿಲ್ಲ. ‘ಕೇಳಲಿಲ್ಲ’ ಎಂದು ಬರೆ. ಇದೊಂದು ಸಲ ನನಗಾಗಿ ಪೆಟ್ಟು ತಿನ್ನಬೇಡ ಅಕ್ಕಾ, ನಿನ್ನ ಮೂಳೆ ತಡೆಯುವುದಿಲ್ಲ.